ನಾನೇ ಮುಳುಗಿಸಿದ ಪಟ್ಟಣ

ಜಾಗ ಕೊಳ್ಳುವವರಿಗೆ ನನ್ನದೊಂದು ಉಚಿತ ಸಲಹೆ: ಇಷ್ಟವಾದ ಜಾಗವನ್ನು ಮೊದಲು ಚೆನ್ನಾಗಿ ಬೈಯಿರಿ. ಕಲಬುರಗಿಯ ರೋಜಾ ಬಡಾವಣೆಯ ನನ್ನ ಪಾತ್ರೆ ಅಂಗಡಿಯಲ್ಲಿ ಗಿರಾಕಿಗಳೇ ಕಲಿಸಿದ ವಿದ್ಯೆ ಇದು. ಹೊಳೆಯುವ ಕೊಡ ಹಿಡಿದು "ಇದು ಸೋರ್ತದ" ಎಂದು ಮೂಗು ಮುರಿದವರೇ ಅದನ್ನು ಕೊಂಡೊಯ್ಯುತ್ತಾರೆ.

ಬಾಡಿಗೆ ಅಂಗಡಿಯಲ್ಲಿ ಕೂತೇ ಕೂದಲು ನರೆಸಿಕೊಂಡ ನನಗೆ ಸ್ವಂತದ್ದೊಂದು ಅಂಗಡಿ ಕಟ್ಟುವ ಆಸೆ. ಕಮಲಾಪುರದಲ್ಲಿ ಹೆದ್ದಾರಿ ಪಕ್ಕ ಬಸಣ್ಣನ ಜಾಗ ಮಾರಾಟಕ್ಕಿತ್ತು. ನೀರಿತ್ತು, ದಾರಿಯಿತ್ತು, ಕಾಗದಪತ್ರವೂ ಸರಿಯಿತ್ತು. ಬೈಯಲು ಒಂದು ದೋಷವೂ ಇಲ್ಲ! ಮೂಲೆಯಲ್ಲಿ ಮಾತ್ರ ಕೆತ್ತನೆಯ ಹಳೇ ಕಲ್ಲುಗಳು ಬಿದ್ದಿದ್ದವು. ನನ್ನ ತಲೆ ಓಡಿತು.

"ಬಸಣ್ಣಾ, ಈ ಕಲ್ಲು ಎಲ್ಲೀವು?"

"ನಮ್ಮಪ್ಪ ದನಾ ಕಟ್ಟಾಕ ತಂದು ಹಾಕಿದ್ದಿರಬೇಕ್ರಿ."

"ಹುಚ್ಚಪ್ಪಾ! ಇದರ ಕೆಳಗ ಒಂದು ಪಟ್ಟಣಾನೇ ಅದ. ಹಿಂದ ಒಬ್ಬ ಸಾಧು ಬಂದು ಬಾವಿ ಮುಂದ ನೀರು ಕೇಳ್ದ. ಊರ ಸಾಹುಕಾರ ನೀರಿಗೂ ರೇಟು ಹೇಳ್ದ. ಸಾಧು ಶಾಪ ಕೊಟ್ಟ. ಊರಿಗೆ ಊರೇ ನೆಲದಾಗ ಇಳೀತು! ಇಲ್ಲಿ ಪಾಯಾ ತೋಡಿದವ್ರು ಉದ್ಧಾರ ಆಗಂಗಿಲ್ಲ."

ಬಸಣ್ಣನ ಮುಖದ ಜೊತೆ ರೇಟೂ ಇಳಿಯಿತು. ನೋಂದಣಿಯಾಯಿತು. ಕಲಬುರಗಿಗೆ ಮರಳುವ ಬಸ್ಸಿನಲ್ಲಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಪಾಯ ತೋಡುವ ದಿನ ಗೌಂಡಿ ಮಹಿಬೂಬ ಬಂದ, ಕಲ್ಲು ನೋಡಿದ, ಗುದ್ದಲಿ ಹೆಗಲಿಗೇರಿಸಿದ.

"ಮಾಫ್ ಮಾಡ್ರಿ ಸಾಹುಕಾರ್ರ. ಕೆಳಗ ಊರು ಅದಂತ. ನನಗೂ ಹೆಂಡ್ತಿ ಮಕ್ಕಳು ಅದಾರ."

"ಯಾರೋ ಹೇಳಿದ್ದು?"

"ಇಡೀ ಕಮಲಾಪುರಾನೇ ಹೇಳಾಕತ್ತದಲ್ರಿ!"

ವಿಚಾರಿಸಿದರೆ, ನನ್ನ ಪಟ್ಟಣ ನನ್ನನ್ನು ಕೇಳದೆಯೇ ಬೆಳೆದಿತ್ತು. ನಾನು ಕೊಟ್ಟಿದ್ದು ಒಂದೇ ಬಾವಿ. ಊರವರು ಏಳು ಬಾಗಿಲು, ಆನೆ ಲಾಯ, ರಾಣಿಯ ಕೊಳ ಎಲ್ಲ ಕಟ್ಟಿಸಿದ್ದರು. ಇತಿಹಾಸ ಬಲ್ಲ ಮಹನೀಯರೊಬ್ಬರು, ಶಾಪವೆಲ್ಲ ಮೂಢನಂಬಿಕೆ, ಪಟ್ಟಣ ಮುಳುಗಿದ್ದು ಭೂಕಂಪದಿಂದ ಎಂದು ವಾಟ್ಸ್ಯಾಪಿನಲ್ಲಿ ಬರೆದರು. ನನ್ನ ಸುಳ್ಳಿಗೆ ವೈಜ್ಞಾನಿಕ ಕಾರಣವೂ ಸಿಕ್ಕಿತು!

ಶರಣಬಸವೇಶ್ವರ ದೇವಸ್ಥಾನಕ್ಕೆ ಹೋಗಿದ್ದ ಹೆಂಡತಿ ಶಾಂತಾ, ಬಾಳೆಹಣ್ಣಿನ ಜೊತೆ ಸುದ್ದಿಯನ್ನೂ ತಂದಳು.

"ರೀ, ನಮ್ಮ ಜಾಗದಾಗ ಅಮಾಸಿಗೊಮ್ಮೆ ನೆಲದಾಗಿಂದ ಗಂಟಿ ಕೇಳ್ತದಂತ. ನಾ ಅಲ್ಲಿ ಕಾಲಿಡಂಗಿಲ್ಲ."

"ಅದು ನಾನೇ ಹುಟ್ಟಿಸಿದ ಕಥಿ, ಮಾರಾಯ್ತಿ!"

"ನೀವಾ? ಮಕ್ಕಳಿಗೆ ಒಂದು ಗುಬ್ಬಿ ಕಥಿ ನೆಟ್ಟಗ ಹೇಳಾಕ ಬರಲಿಲ್ಲ ನಿಮಗ! ಬಾಳೆಹಣ್ಣಿನ ಮುದುಕಿ ಅಂದ್ಲು, ಇದು ಅವರ ಮುತ್ಯಾನ ಕಾಲದ್ದಂತ."

ಈ ದೇಶದಲ್ಲಿ ಸುಳ್ಳು ಹೇಳಿದವನ ಸತ್ಯವನ್ನು ಯಾರೂ ಕೊಳ್ಳುವುದಿಲ್ಲ. ಮಾರಲು ಹೊರಟರೆ ಜಾಗವನ್ನೂ ಕೊಳ್ಳಲಿಲ್ಲ. ಕೊನೆಗೆ ಬಂದವನು ಬಸಣ್ಣನೇ.

"ನಾನೇ ವಾಪಸ್ ತಗೋತೀನ್ರಿ. ಆದ್ರ ಶಾಪದ ಜಾಗ ನೋಡ್ರಿ... ರೇಟು ನೀವೇ ವಿಚಾರ ಮಾಡ್ರಿ."

ನನ್ನ ವಿದ್ಯೆ ನನಗೇ ತಿರುಗಿತು. ನಾನು ಕೊಂಡದ್ದಕ್ಕಿಂತ ಅಗ್ಗಕ್ಕೆ ಅವನು ಕೊಂಡ. ಪಾಯ ತೋಡಿದರೆ ತಾನೆ ಶಾಪ? ನಾಲ್ಕು ಕಂಬ ನೆಟ್ಟು, ತಗಡು ಹೊದಿಸಿ, ಫಲಕ ತೂಗುಹಾಕಿದ: "ಹಾಳು ಪಟ್ಟಣ ಖಾನಾವಳಿ". ಈಗ ಹೆದ್ದಾರಿಯ ಕಾರುಗಳೆಲ್ಲ ಅಲ್ಲೇ ನಿಲ್ಲುತ್ತವೆ. ಜನ ದನ ಕಟ್ಟುವ ಕಲ್ಲಿನ ಜೊತೆ ಫೋಟೋ ತೆಗೆಸಿಕೊಂಡು ರೊಟ್ಟಿ ತಿನ್ನುತ್ತಾರೆ.

ಮೊನ್ನೆ ಹೊಟ್ಟೆಕಿಚ್ಚು ತಡೆಯಲಾರದೆ ಹೋದೆ. ಬಸಣ್ಣ ಗಿರಾಕಿಗಳಿಗೆ ಏಳು ಬಾಗಿಲಿನ ಕಥೆ ಹೇಳುತ್ತಿದ್ದ.

"ಬಾಗ್ಲಾ ಇದ್ದಿಲ್ಲೋ, ಬಾವಿ ಇತ್ತು!" ಎಂದು ತಿದ್ದಿದೆ.

"ಸುಮ್ಕ ಕೂಡ್ರಿ ಸಾಹುಕಾರ್ರ. ನೀವು ಕಲಬುರಗಿಯವ್ರು. ನಮ್ಮೂರ ಹಳೀ ಸಂಗತಿ ನಿಮಗೇನು ಗೊತ್ತು?"

ಗಿರಾಕಿಗಳು ನಕ್ಕರು. ಸುಮ್ಮನೆ ಕೂತೆ. ನೀರು ಕೇಳಿದೆ. ಬಸಣ್ಣ ಬಾಟಲಿ ಇಟ್ಟು ರೇಟು ಹೇಳಿದ. ಪೇಟೆಗಿಂತ ಜಾಸ್ತಿ!

ಬೈಯಲು ಬಾಯಿ ತೆರೆದವನು, ನೀರಿಗೆ ರೇಟು ಹೇಳಿದ ನನ್ನ ಕಥೆಯ ಸಾಹುಕಾರ ನೆನಪಾಗಿ, ಕಾಲ ಕೆಳಗಿನ ನೆಲ ನೋಡಿದೆ. ಜೀವನದಲ್ಲಿ ಮೊದಲ ಸಲ ಚೌಕಾಸಿ ಮಾಡದೆ ದುಡ್ಡು ಕೊಟ್ಟೆ.

ಅಕಸ್ಮಾತ್ ಪಟ್ಟಣ ಇದ್ದರೆ?