ನಾಲ್ಕು ಬೆರಳು ತೆರೆದ ಹಿಂದಿನ ಕಿಟಕಿ

ಒಂದು ಕಾರಿನ ಕಿಟಕಿ ಏರಿಸಲು ಮೆಕ್ಯಾನಿಕ್ ಬೇಕೆ? ಛೇ! ನೈರೋಬಿಯ ಒಳ್ಳೆಯ ಶಾಲೆಯಲ್ಲಿ ಓದಿ, ಭೌತಶಾಸ್ತ್ರದಲ್ಲಿ ತರಗತಿಗೇ ಎರಡನೆಯವಳಾದ ನಾನು ಒಂದು ಗಾಜಿನ ತುಂಡಿಗೆ ಸೋಲುವುದೆ? "ಇವತ್ತು ಈ ಕೈಗಳೇ ಏರಿಸುತ್ತವೆ!" ಎಂದು ಶನಿವಾರ ಬೆಳಿಗ್ಗೆ ಏಳಕ್ಕೆ ಸ್ಕ್ರೂಡ್ರೈವರ್ ಎತ್ತಿ ಘೋಷಿಸಿದೆ.

ಎರಡೂವರೆ ತಿಂಗಳ ಮಗಳು ಗಾಥೋನಿಯನ್ನು ಅಂದು ಮೊದಲ ಬಾರಿಗೆ ನ್ಯೆರಿಯಲ್ಲಿರುವ ಅತ್ತೆಗೆ ತೋರಿಸಬೇಕಿತ್ತು. ಅತ್ತೆಯ ಹೆಸರೂ ಗಾಥೋನಿಯೇ. ನಮ್ಮಲ್ಲಿ ಮೊದಲ ಹೆಣ್ಣುಮಗು ಅಪ್ಪನ ತಾಯಿಯ ಹೆಸರು ಹೊತ್ತೇ ಬರುತ್ತದೆ. ಹಾಗಾಗಿ ಅತ್ತೆ ಮಗುವನ್ನು 'ಅವಳು' ಎನ್ನುವುದಿಲ್ಲ, 'ನಾನು' ಎನ್ನುತ್ತಾರೆ! "ನಾನು ಹಾಲು ಕುಡಿದೆನಾ? ನನ್ನ ಹೊಟ್ಟೆನೋವು ನಿಂತಿತಾ?" ಎಂದು ಫೋನಿನಲ್ಲಿ ದಿನಕ್ಕೆ ಮೂರು ಸಲ ವಿಚಾರಣೆ. ಅಂಥವರನ್ನು ದಾರಿಯಲ್ಲಿ ನೆಗಡಿ ಹಿಡಿಸಿ ಒಯ್ದರೆ ಸೊಸೆಯ ಗತಿ ಏನು? ಅಲ್ಲಿ ಆಗಲೇ ಆಡು ಕಡಿದಾಗಿತ್ತು. ಹದಿನಾಲ್ಕು ಜನ ಚಿಕ್ಕತ್ತೆ ದೊಡ್ಡತ್ತೆಯರು ಮಧ್ಯಾಹ್ನದ ಊಟಕ್ಕೆ ಕಾಯುತ್ತಿದ್ದರು.

ಮಗು ಕೂರುವ ಪಕ್ಕದ ಹಿಂದಿನ ಎಡಗಿಟಕಿಯೇ ಕೈಕೊಟ್ಟಿತ್ತು. ಹಿಂದಿನ ದಿನ ಮಗು ಹಾಲು ಕಕ್ಕಿತ್ತು. ವಾಸನೆ ಹೋಗಲೆಂದು ಕಿಟಕಿಯನ್ನು ನಾಲ್ಕು ಬೆರಳು ಇಳಿಸಿ, ಸೀಟು ಒರೆಸಿ, ಮಗುವಿನ ಕುರ್ಚಿಯನ್ನು ಮತ್ತೆ ಇಟ್ಟು, ಮಂಡಿಯೂರಿ ಬೆಲ್ಟು ಬಿಗಿದೆ. ಆಮೇಲೆ ಗುಂಡಿ ಒತ್ತಿದರೆ ಗಾಜು ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ!

"ನಾಲ್ಕು ಬೆರಳು ತಾನೆ? ಒಂದು ಟವೆಲ್ ಸಿಕ್ಕಿಸು, ಹೊರಡೋಣ," ಎಂದ ಗಂಡ ಗಿಥೈಗ, ಚಹಾ ಹೀರುತ್ತಾ.

"ನಾಲ್ಕು ಬೆರಳು ತಾನೆ? ನ್ಯುಮೋನಿಯಾಕ್ಕೆ ಎರಡು ಬೆರಳು ಸಾಕು!"

"ಹಾಗಾದ್ರೆ ಫುಂಡಿ ಮೊಕಾಯನ್ನ ಕರೀತೀನಿ." ಜಕರಾಂಡ ಮರದ ನೆರಳನ್ನೇ ಗ್ಯಾರೇಜು ಮಾಡಿಕೊಂಡ ನಮ್ಮ ಕಾಯಂ ಫುಂಡಿ, ಅಂದರೆ ಮೆಕ್ಯಾನಿಕ್, ಅವನು.

"ಬೇಡ! ನಾನಿದ್ದೀನಿ."

"ಅದೇ ನನ್ನ ಭಯ."

ಈ ಊರಿನ ಕಾರುಗಳಲ್ಲಿ ಕಳ್ಳರಿಗೆ ಕಾಣದಂತೆ ಒಂದು ಗುಟ್ಟಿನ ಸ್ವಿಚ್ಚಿರುತ್ತದೆ, ಅದನ್ನು ಒತ್ತದೆ ಇಂಜಿನ್ನಿಗೆ ಪೆಟ್ರೋಲೇ ಹರಿಯದು. ಮೊದಲು ಅದನ್ನು ನೋಡಿದೆ. ನಮ್ಮದು ಬೂದಿಬಟ್ಟಲಿನ ಹಿಂದೆ... ಅಯ್ಯೋ, ಹೇಳಿಬಿಟ್ಟೆ! ಇರಲಿ, ಅದು ಸರಿಯಾಗಿತ್ತು. ಮುಂದೆ ಫ್ಯೂಸ್ ಪೆಟ್ಟಿಗೆ. ಜಪಾನಿನಿಂದ ಹಡಗೇರಿ ಬಂದ ಹಳೆಯ ಕಾರು, ಮುಚ್ಚಳದ ಮೇಲಿನ ಬರಹವೆಲ್ಲ ಜಪಾನಿ! ಒಂದೊಂದನ್ನೇ ಕಿತ್ತು ಬೆಳಕಿಗೆ ಹಿಡಿದೆ. ಎಲ್ಲವೂ ಗಟ್ಟಿಮುಟ್ಟು. ಬಾಗಿಲಿನ ಒಳಹೊದಿಕೆ ಎಳೆದೆ. ಪಟಪಟನೆ ಒಂಬತ್ತು ಕ್ಲಿಪ್ಪುಗಳು ಹಾರಿ ಪಕ್ಕದ ಮನೆಯ ಬಚ್ಚಲು ನೀರು ಸೇರಿದವು. ಟೆಸ್ಟ್ ಲ್ಯಾಂಪಿನ ಮೊನೆಯನ್ನು ಗುಂಡಿಯ ತಂತಿಗೆ ತಾಗಿಸಿದೆ: ಕತ್ತಲು. ಬಲಬಾಗಿಲಿನ ತಂತಿಗೆ ತಾಗಿಸಿದೆ: ಝಗ್!

"ರೋಗ ಸಿಕ್ಕಿತು! ಈ ಬಾಗಿಲಿಗೆ ಕರೆಂಟೇ ಬರ್ತಿಲ್ಲ!"

"ಕಿಟಕಿ ಏರಲ್ಲ ಅಂತ ನಿನ್ನೆಯೇ ಗೊತ್ತಿತ್ತಲ್ಲ," ಎಂದ ಗಿಥೈಗ.

ಬರದಿದ್ದರೆ ನಾನು ತರುತ್ತೇನೆ! ಬಲಬಾಗಿಲಿನಿಂದ ಎರಡು ಉದ್ದನೆಯ ತಂತಿ ಎಳೆದು ಎಡಗಡೆಯ ಮೋಟಾರಿಗೆ ಮುಟ್ಟಿಸಿದೆ. ಗುರ್‍ರ್! ಆಹಾ, ಮೋಟಾರಿಗೆ ಜೀವವಿದೆ! ಗಾಜು ಹೊರಟಿತು ಸ್ವಾಮೀ, ಭವ್ಯವಾಗಿ ಹೊರಟಿತು... ಕೆಳಕ್ಕೆ! ನಾಲ್ಕು ಬೆರಳಿದ್ದದ್ದು ನಾಲ್ಕು ಗೇಣಾಯಿತು! ಗಾಬರಿಯಲ್ಲಿ ತಂತಿಗಳನ್ನು ಅದಲುಬದಲು ಮಾಡಲು ಹೋಗಿ ಎರಡನ್ನೂ ಒಂದಕ್ಕೊಂದು ಮುಟ್ಟಿಸಿದೆ. ಚಟ್! ಕಿಡಿ, ಹೊಗೆ, ಮೌನ. ಈಗ ನಾಲ್ಕು ಕಿಟಕಿಗಳೂ ಸತ್ತವು.

ಆ ಹೊತ್ತಿಗೆ ಅತ್ತೆಯ ಫೋನು. "ನಾನು ಹೊರಟೆನಾ?"

"ಹೊರಟಿರಿ ಅತ್ತೆ, ಟೋಪಿ ಹಾಕ್ಕೊಳ್ತಿದ್ದೀರಿ," ಎಂದೆ.

ಹತ್ತು ಗಂಟೆಗೆ, ಗಿಥೈಗ ಕರೆಸಿದ್ದ ಫುಂಡಿ ಮೊಕಾಯ ಬಂದ. ನನ್ನನ್ನೂ ಬಿಚ್ಚಿದ ಬಾಗಿಲನ್ನೂ ನೋಡಿ ಟೋಪಿ ತೆಗೆದ, ಸಾವಿನ ಮನೆಗೆ ಬಂದವನಂತೆ.

"ಕರೆಂಟು ಎಲ್ಲಿ ನಿಂತಿದೆ ಅಂತ ಹುಡುಕಪ್ಪಾ," ಎಂದೆ.

"ಹುಡುಕೋದೇನು ಮೇಡಂ, ಗೊತ್ತು. ಆದ್ರೆ ಹೇಳೋ ಹಾಗಿಲ್ಲ."

"ಯಾಕೆ?"

"ಮಾತು ಕೊಟ್ಟಿದ್ದೀನಿ."

"ಯಾರಿಗೆ?"

ಅವನು ಮೊಬೈಲ್ ತೆಗೆದು ಒಂದು ಹಳೆಯ ಧ್ವನಿಸಂದೇಶ ಹಾಕಿದ. ಬಿಕ್ಕುತ್ತಿದ್ದ ಹೆಣ್ಣುದನಿ, ಎಂಟು ತಿಂಗಳ ಬಸುರಿಯ ದನಿ, ನನ್ನದೇ ದನಿ: "ಮೊಕಾಯಾ, ಟ್ರಾಫಿಕ್ಕಲ್ಲಿ ಕಿಟಕಿಯೊಳಗೆ ಕೈ ಹಾಕಿ ಫೋನ್ ಕಿತ್ಕೊಂಡ್ರಂತೆ! ನಾಳೆ ನನ್ನ ಮಗೂನೇ ಕಿತ್ಕೊಂಡ್ರೆ? ಆ ಹಿಂದಿನ ಕಿಟಕಿಗೂ ಒಂದು ಗುಟ್ಟಿನ ಸ್ವಿಚ್ಚು ಹಾಕು. ಆಫ್ ಮಾಡಿದ್ರೆ ಯಾರು ಒತ್ತಿದ್ರೂ ಗಾಜು ಅಲ್ಲಾಡಬಾರ್ದು! ಎಲ್ಲಿ ಹಾಕ್ದೆ ಅಂತ ನನಗೂ ಹೇಳಬೇಡ, ಕಳ್ಳರು ಹೆದರಿಸಿದ್ರೆ ಬಾಯಿ ಬಿಟ್ಬಿಡ್ತೀನಿ. ನಾನೇ ಅತ್ತು ಕೇಳಿದ್ರೂ ಹೇಳಬೇಡ!"

ಹೆರಿಗೆಯ ಜೊತೆ ಆ ನೆನಪಿಗೂ ಹೆರಿಗೆಯಾಗಿ ಹೋಗಿತ್ತು!

"ಹೋಗಲಿ, ನನಗಾದ್ರೂ ಹೇಳು," ಎಂದ ಗಿಥೈಗ.

"ಸಾರ್, ಮೆಸೇಜು ಇನ್ನೂ ಐದು ನಿಮಿಷ ಇದೆ. ನಿಮಗಂತೂ ಹೇಳಲೇಬಾರ್ದಂತೆ."

"ಕೊಟ್ಟ ಮಾತು ರದ್ದು, ಮೊಕಾಯಾ!" ಎಂದು ಕಿರುಚಿದೆ. "ನೋಡು, ನಾನು ಅಳ್ತಾ ಇಲ್ಲ!"

ಅವನು ನನ್ನ ಒಣಗಣ್ಣನ್ನು ಪರೀಕ್ಷಿಸಿ ತೃಪ್ತನಾದ. ಮಗುವಿನ ಕುರ್ಚಿ ಎತ್ತಿ, ಸೀಟಿನ ಮೆತ್ತೆ ಸರಿಸಿದ. ಅಡಿಯಲ್ಲಿ ಪುಟ್ಟ ಕಪ್ಪು ಸ್ವಿಚ್ಚು! ಬೆಲ್ಟು ಬಿಗಿಯುವಾಗ ನನ್ನ ಮಂಡಿಯೇ ಅದನ್ನು ಆಫ್ ಮಾಡಿತ್ತು. ಟಕ್! ಸುಟ್ಟ ಫ್ಯೂಸ್ ಬದಲಾಯಿಸಿದ, ನನ್ನ ತಂತಿ ಬಿಚ್ಚಿ ಬಿಸಾಡಿದ. ಗಾಜು ಹಂಸದಂತೆ ಮೇಲೇರಿತು.

ಎರಡೂವರೆಗೆ ನ್ಯೆರಿ ಮುಟ್ಟಿದೆವು. ಗೇಟಿನಲ್ಲೇ ಅತ್ತೆ ಕಾರು ಹತ್ತಿ ಮಗುವಿನ ಪಕ್ಕ ಕೂತರು. ಮೂರು ಸ್ವೆಟರು, ಉಣ್ಣೆ ಟೋಪಿ, ಕಂಬಳಿಗಳ ನಡುವೆ ಮೂಗಿನ ತುದಿ ಹುಡುಕಿ ಕೂಗಿದರು: "ಅಯ್ಯಯ್ಯೋ! ನನ್ನನ್ನ ಯಾರು ಹೀಗೆ ಬೇಯಿಸಿದ್ದು? ಸಾಲಾಗಿ ನಿಂತಿದ್ದಾರೆ, ಎಲ್ಲರೂ ನನ್ನನ್ನ ನೋಡ್ಬೇಕು. ಇಳಿಸು ಕಿಟಕಿ!"

ಗುಂಡಿ ಒತ್ತಿದೆ. ಗಾಜು ಅಲ್ಲಾಡಲಿಲ್ಲ. ಅಲ್ಲಾಡುವುದು ಹೇಗೆ? ನೈರೋಬಿಯ ಟ್ರಾಫಿಕ್ಕಿಗೆ ಹೆದರಿ, ಹೊರಡುವಾಗ ನಾನೇ ಆ ಸ್ವಿಚ್ಚನ್ನು ಆಫ್ ಮಾಡಿದ್ದೆ!

ಹದಿನಾಲ್ಕು ಅತ್ತೆಯರು ಇಣುಕುತ್ತಿದ್ದಂತೆ ಮಗುವನ್ನು ಇಳಿಸಿದೆ, ಕುರ್ಚಿ ಇಳಿಸಿದೆ, ಮೆತ್ತೆ ಎತ್ತಿದೆ. ಆ ಗುಟ್ಟು ಈಗ ಮನೆತನದಲ್ಲಿ ಗೊತ್ತಿಲ್ಲದಿರುವುದು ಒಬ್ಬಳಿಗೇ: ಮೂರು ಸ್ವೆಟರಿನೊಳಗೆ ನಿದ್ದೆ ಹೋಗಿದ್ದ ಕಿರಿಯ ಗಾಥೋನಿಗೆ!