ಶಿಸ್ತು ಮೀರಿದ ಎಡಗಾಲು

ಇಂದ:
ಗಣಿತ ಶಿಕ್ಷಕಿ, ಪ್ರೌಢ ವಿಭಾಗ

ಗೆ:
ಮುಖ್ಯೋಪಾಧ್ಯಾಯರು, ಮೆತ್ತನೆಯ ಕುರ್ಚಿ, ಕೆಳಮಹಡಿ

ವಿಷಯ: ಅರ್ಜಿದಾರಳ ಎಡಗಾಲು ಅತಿಥಿಗಳೆದುರು ಅಶಿಸ್ತಿನಿಂದ ವರ್ತಿಸಿದ ಬಗ್ಗೆ ವಿವರಣೆ ಹಾಗೂ ಚಿಕಿತ್ಸೆಗೆ ರಜೆ.

ಉಲ್ಲೇಖ: "ಅಂಗಾಂಗ ಪ್ರದರ್ಶನ"ಕ್ಕೆ ಕಾರಣ ಕೇಳಿ ತಾವು ಕೊಟ್ಟ ನೋಟಿಸು.

ಮಾನ್ಯರೇ,

೧. ಶಿಕ್ಷಕರು ಕುಳಿತರೆ ಮಕ್ಕಳು ತೂಕಡಿಸುತ್ತಾರೆಂಬ ತಮ್ಮ ಮಹಾಸಂಶೋಧನೆಯ ಕಾರಣ ತರಗತಿಗಳ ಕುರ್ಚಿಗಳನ್ನು ಎತ್ತಿಸಲಾಯಿತು. ಆದ್ದರಿಂದ ಅರ್ಜಿದಾರಳು ದಿನವಿಡೀ ನಿಂತಳು. ಕಾಲು ಭಾರವಾಯಿತು, ಸಂಜೆಗೆ ಪಾದ ಊದಿತು, ಮೀನಖಂಡದ ಮೇಲೆ ನೀಲಿ ನರಗಳು ಹುರಿಹಗ್ಗದಂತೆ ಎದ್ದವು. ಕುರ್ಚಿಗಾಗಿ ವಿನಂತಿಸಿದಾಗ ತಾವು, "ವಯಸ್ಸಾಯ್ತಲ್ಲಮ್ಮ, ಎಣ್ಣೆ ಹಚ್ಚಿ ತಿಕ್ಕಿ" ಎಂದು ಅಪ್ಪಣೆ ಕೊಡಿಸಿದಿರಿ.

೨. ಆರೋಗ್ಯ ದಿನದಂದು ಉಬ್ಬಿದ ರಕ್ತನಾಳಗಳ ಬಗ್ಗೆಯೇ ಉಪನ್ಯಾಸವಿತ್ತು. ತರಗತಿಗಳಿಂದ ಎತ್ತಿಸಿದ ಅವೇ ಕುರ್ಚಿಗಳಲ್ಲಿ ಪೋಷಕರು ಕುಳಿತಿದ್ದ ಕಾರಣ ಶಿಕ್ಷಕಿಯರು ಗೋಡೆಗೊರಗಿ ನಿಂತರು. ವೈದ್ಯೆ ಹೇಳಿದರು: "ರಕ್ತ ಮೇಲೆ ಹತ್ತೋಕೆ ನರದೊಳಗೆ ಕವಾಟ ಇರ್ತವೆ. ಅವು ಸೋತ್ರೆ ರಕ್ತ ಕಾಲಲ್ಲೇ ನಿಲ್ಲುತ್ತೆ. ವಂಶದಿಂದ್ಲೂ ಬರುತ್ತೆ, ನಿಂತಷ್ಟೂ ಹೆಚ್ಚುತ್ತೆ. ಇಲ್ಲಿ ಯಾರಿಗಾದ್ರೂ ಇದೆಯಾ?"

ತಾವು ಮೈಕು ಕಸಿದುಕೊಂಡು, "ನಮ್ಮೋರೆಲ್ಲ ಗಟ್ಟಿಮುಟ್ಟು ಮೇಡಂ!" ಎಂದಿರಿ.

(ಅರ್ಜಿದಾರಳ ತಾಯಿಗೂ ಈ ಕಾಯಿಲೆ ಇದ್ದದ್ದು ನಿಜ. ಆದರೆ ಅವರಿಗೆ ಮುಖ್ಯೋಪಾಧ್ಯಾಯರು ಇರಲಿಲ್ಲವಾದ ಕಾರಣ ಬೇಕೆಂದಾಗ ಕುಳಿತುಕೊಳ್ಳುತ್ತಿದ್ದರು.)

೩. ತಮ್ಮ ಮಾತನ್ನು ಎಡಗಾಲು ಸಹಿಸಲಿಲ್ಲ. ಅರ್ಜಿದಾರಳು ಅದನ್ನು ವೇದಿಕೆಯ ಮೆಟ್ಟಿಲ ಮೇಲಿಟ್ಟು, ಬಟ್ಟೆಯಂಚನ್ನು ಮೊಣಕಾಲವರೆಗೆ ಎತ್ತಿದಳು. ವೈದ್ಯೆ ಬಗ್ಗಿ ನೋಡಿ ಗಾಬರಿಯಾದರು.

"ಪಾದದ ಗಿಣ್ಣಿನ ಹತ್ರ ಚರ್ಮ ಕಪ್ಪಾಗಿದೆಯಲ್ಲಮ್ಮ! ಹೀಗೇ ಬಿಟ್ರೆ ಹುಣ್ಣಾಗುತ್ತೆ, ಬೇಗ ಮಾಯಲ್ಲ. ನರ ಒಡೆದು ರಕ್ತ ಬಂದ್ರೆ ಮಲಗಿ, ಕಾಲೆತ್ತಿ ಒತ್ತಿ ಹಿಡೀರಿ. ಒಂದೇ ಕಾಲು ದಿಢೀರ್ ಅಂತ ಊದಿ ನೋವು ಬಂದ್ರೆ ತಿಕ್ಕಲೇಬೇಡಿ, ಆಸ್ಪತ್ರೆಗೆ ಓಡಿ. ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋದ್ರೆ ಪ್ರಾಣಕ್ಕೇ ಕುತ್ತು."

'ತಿಕ್ಕಿ' ಎಂದವರು ಆಗ ಸೂರು ನೋಡುತ್ತಿದ್ದರು.

೪. ಅದರ ಬೆನ್ನಿಗೇ ಚಿತ್ರಕಲಾ ಶಿಕ್ಷಕಿ, ಗ್ರಂಥಪಾಲಕಿ, ಅಡುಗೆಯಕ್ಕ ಸಾಲುಗಟ್ಟಿದರು. "ನಂದೂ ನೋಡೀಮ್ಮ, ನಂದು ಇನ್ನೂ ಜೋರಾಗಿದೆ" ಎಂದಳು ಅಡುಗೆಯಕ್ಕ. ಪೋಷಕರು ಎದ್ದು ಕುರ್ಚಿ ಬಿಟ್ಟುಕೊಟ್ಟರು. ಆಗ ಅರ್ಜಿದಾರಳಿಗೆ ಅಳು ಬಂತು. ಅದನ್ನೂ ನೋಟಿಸಿಗೆ ಸೇರಿಸಿಕೊಳ್ಳಬಹುದು.

ಆದ್ದರಿಂದ, ಹುಣ್ಣಾಗುವ ಮುನ್ನವೇ ಚಿಕಿತ್ಸೆ ಆಗಬೇಕಿರುವ ಕಾರಣ, ರಜೆ ಮಂಜೂರು ಮಾಡಬೇಕಾಗಿ ಕೋರಿಕೆ.

ಬಲಗಾಲಿನ ಮಟ್ಟಿಗೆ ಮಾತ್ರ,
ತಮ್ಮ ವಿಶ್ವಾಸಿ,
ಗಣಿತ ಶಿಕ್ಷಕಿ

ಅಡಕಗಳು: ಸ್ಕ್ಯಾನ್ ವರದಿ, ವೈದ್ಯೆಯ ಪತ್ರ, ಉಳಿದ ಮೂವರ ರಜೆ ಅರ್ಜಿಗಳು.

ವಿ.ಸೂ.: ಮಂಜೂರಾತಿ ತಿಳಿಸಲು ಅರ್ಜಿದಾರಳನ್ನು ಕೆಳಗೆ ಕರೆಸದೆ ತಾವೇ ಮಹಡಿ ಹತ್ತಿ ಬರಬೇಕಾಗಿ ವಿನಂತಿ. ಒಂದೇ ಕಡೆ ಕುಳಿತಿರುವವರಿಗೂ ಈ ಕಾಯಿಲೆ ತಪ್ಪಿದ್ದಲ್ಲವಂತೆ.