ಅನ್ನಕ್ಕಿಡು ಎನ್ನುವ ರೇಡಿಯೋ

ಆಗ ನನಗೆ ಅರವತ್ತೆಂಟು. ಹದಿನಾರು ವರ್ಷದ ಹಿಂದಿನ ಮಾತು. ನನ್ನ ತಮ್ಮನಿಗೆ ಬುದ್ಧಿ ಇರಲಿಲ್ಲ ಎಂದು ನಾನು ಯಾವತ್ತೂ ಹೇಳಿಲ್ಲ. ಇತ್ತು. ಆದರೆ ಅವನ ರೇಡಿಯೋಗಳ ಹಾಗೆ, ಸ್ವಿಚ್ಚು ಹಾಕಿದ ಮೇಲೆ ಬಿಸಿಯಾಗುವುದಕ್ಕೆ ಹೊತ್ತು ಹಿಡಿಯುತ್ತಿತ್ತು, ಅಷ್ಟೆ!

ರೇಡಿಯೋ ಎಂದರೆ ಹಾಡು ಕೇಳುವುದಲ್ಲ. ಈ ದೇಶದ ಲಾರಿ ಡ್ರೈವರುಗಳು ದಾರಿಯಲ್ಲಿ ಒಬ್ಬರನ್ನೊಬ್ಬರು ಕೂಗಿ ಹರಟುತ್ತಾರಲ್ಲ, ಆ ಸಿ.ಬಿ. ರೇಡಿಯೋ. ಅದರಲ್ಲೂ ಹಳೆಯ ಕಾಲದ್ದು, ಒಳಗೆ ಗಾಜಿನ ವಾಲ್ವ್ ಕೆಂಪಗೆ ಉರಿಯುವಂಥದ್ದೇ ಆಗಬೇಕು. ಎಲ್ಲಿ ಯಾವ ಮುದುಕ ಸತ್ತು ಗರಾಜು ಖಾಲಿ ಮಾಡಿದರೂ ಇವನು ಹೋಗಿ ಒಂದು ಪೆಟ್ಟಿಗೆ ಹೊತ್ತು ತರುತ್ತಿದ್ದ. ನ್ಯೂಜೆರ್ಸಿಯ ಮನೆಯ ಬೇಸ್‌ಮೆಂಟಿನಲ್ಲಿ ಮೂವತ್ತೊಂದು ಇದ್ದವು. ಇನ್ನೊಂದು ಅಡುಗೆಮನೆಯಲ್ಲಿ.

ಅಡುಗೆಮನೆಯದಕ್ಕೆ ಕೆಲಸವಿತ್ತು. ಸೆಲ್‌ಫೋನು ಇಲ್ಲದ ಕಾಲದಿಂದಲೂ ಅವನ ಕಾರಿನಲ್ಲಿ ಒಂದು ಸಣ್ಣ ಸೆಟ್ಟು. ಪ್ರಿನ್ಸ್‌ಟನ್ ಕಡೆಯ ಔಷಧಿ ಕಂಪನಿಯಿಂದ ಸಂಜೆ ಬರುವಾಗ ಹೈವೇ ಬಿಟ್ಟ ಕೂಡಲೇ ಕೂಗುತ್ತಿದ್ದ: "ಎಕ್ಸಿಟ್ ತಗೊಂಡೆ. ಅನ್ನಕ್ಕಿಡು." ಅವನ ಹೆಂಡತಿ ಮೈಕು ಹಿಡಿದು, "ಇಟ್ಟೆ. ಬನ್ನಿ" ಎನ್ನುತ್ತಿದ್ದಳು. ಇಪ್ಪತ್ತು ವರ್ಷ ಸಂಸಾರ ಮಾಡಿದ್ದು ಇಷ್ಟೇ ಮಾತಿನಲ್ಲಿ! ಅವಳು ಹಾಸಿಗೆ ಹಿಡಿದಾಗ ನೋಡಿಕೊಳ್ಳಲು ನನ್ನನ್ನು ಮೈಸೂರಿನಿಂದ ಕರೆಸಿದ.

"ಅತ್ತಿಗೆ, ಗುಂಡಿ ಒತ್ತಿದ್ರೆ ನಮ್ಮ ಮಾತು, ಬಿಟ್ರೆ ಅವರ ಮಾತು," ಎಂದು ಅವಳು ಮಲಗಿದಲ್ಲಿಂದಲೇ ಹೇಳಿಕೊಟ್ಟಳು.

"ನಾನು ಸೌಟು ಹಿಡಿಯೋಳು. ಪೆಟ್ಟಿಗೆ ಜೊತೆ ಮಾತಾಡಲ್ಲ," ಎಂದೆ.

ಏಪ್ರಿಲಿನಲ್ಲಿ ಹೋದಳು. ಇವನು ಕೂಗುವುದನ್ನು ಬಿಡಲಿಲ್ಲ. ಸಂಜೆಯಾದರೆ ಪೆಟ್ಟಿಗೆ ಗೊರಗೊರ ಎಂದು, "ಎಕ್ಸಿಟ್ ತಗೊಂಡೆ. ಅನ್ನಕ್ಕಿಡು." ಯಾರಿಗೆ ಹೇಳುತ್ತಿದ್ದ, ನನಗೋ, ಸತ್ತವಳಿಗೋ? ನಾನು ಮೈಕು ಮುಟ್ಟಲಿಲ್ಲ. ಬಂದು ಕೇಳುತ್ತಿದ್ದ, "ಕೇಳಿಸ್ತಾ ಅಕ್ಕ?" ನಾನು, "ಇಲ್ಲ." ದಿನಕ್ಕೆ ಅಷ್ಟೇ ಅವನ ಮಾತು. ಉಂಡು ಬೇಸ್‌ಮೆಂಟಿಗೆ ಇಳಿದರೆ ಮುಗಿಯಿತು. ಹೀಗೇ ಬಾಯಿ ಕಟ್ಟಿಕೊಂಡು ಇವನೂ ಹೆಂಡತಿಯ ಹಿಂದೆ ಹೋಗುತ್ತಾನೆ ಎಂದು ನನಗೆ ದಿಗಿಲು.

ದಸರಾ ಬಂತು. ಸಾವಾದ ವರ್ಷ, ಗೊಂಬೆ ಕೂರಿಸುವ ಹಾಗಿಲ್ಲ. ಮಹಾರಾಯ ಹೆಂಡತಿಯ ಗೊಂಬೆ ಮೆಟ್ಟಿಲುಗಳನ್ನು ಬೇಸ್‌ಮೆಂಟಿನಲ್ಲಿ ಜೋಡಿಸಿ, ಬಿಳಿ ಪಂಚೆ ಹಾಸಿ, ಒಂಬತ್ತು ಮೆಟ್ಟಿಲಿನ ಮೇಲೂ ರೇಡಿಯೋ ಕೂರಿಸಿದ!

"ಏನೋ ಇದು ಅವತಾರ?"

"ಗೊಂಬೆ ಇಡಬಾರ್ದು ತಾನೆ ಅಕ್ಕ? ರೇಡಿಯೋ ಇಡಬಾರ್ದು ಅಂತ ಯಾವ ಪುರೋಹಿತರು ಹೇಳಿದಾರೆ?"

ಎದುರು ಮನೆಗೆ ಹೊಸದಾಗಿ ಬಂದಿದ್ದ ಹುಡುಗಿಗೆ ಸಾವಿನ ಸುದ್ದಿ ಗೊತ್ತಿಲ್ಲ. ರೇಷ್ಮೆ ಸೀರೆಯುಟ್ಟು ಮಗಳ ಕೈ ಹಿಡಿದು ಗೊಂಬೆ ನೋಡಲು ಬಂದೇಬಿಟ್ಟಳು. ಕತ್ತಲಲ್ಲಿ ಮೂವತ್ತೊಂದು ಪೆಟ್ಟಿಗೆ ಕೆಂಡದ ಹಾಗೆ ಉರಿಯುತ್ತಿವೆ.

"ವಾವ್ ಅಂಕಲ್! ಈ ವರ್ಷ ಥೀಮ್ ಏನು?"

ಮಗು ಅಳುವ ಹಾಗೆ ಕೇಳಿತು: "ಮಾಮ್, ವೇರ್ ಈಸ್ ಕೃಷ್ಣ?"

"ಹೀ ಈಸ್ ವಾರ್ಮಿಂಗ್ ಅಪ್," ಎಂದ ನನ್ನ ತಮ್ಮ.

ಪಾಪ, ಆ ಹುಡುಗಿ ಪೆಟ್ಟಿಗೆಗಳಿಗೇ ಕೈಮುಗಿದು ಒಂದು ದೇವರನಾಮ ಹೇಳಿ ಹೋದಳು.

ಬ್ಯಾಂಕುಗಳು ಮುಳುಗಿದ ಚಳಿಗಾಲ ಅದು. ಅಂಥವೇ ಮುಳುಗುವಾಗ ಐವತ್ತೆಂಟರ ನನ್ನ ತಮ್ಮ ಯಾವ ಲೆಕ್ಕ? ಮೇಜಿನ ಸಾಮಾನು ಒಂದು ರಟ್ಟಿನ ಡಬ್ಬಕ್ಕೆ ತುಂಬಿ ಕೈಗೆ ಕೊಟ್ಟು ಮನೆಗೆ ಕಳಿಸಿದರು. ಆವತ್ತೂ ಅದೇ ಮಾತು, ಎಕ್ಸಿಟ್ ತಗೊಂಡೆ, ಅನ್ನಕ್ಕಿಡು. ಮಾರನೆಯ ದಿನದಿಂದ ಕೆಲಸ ಹುಡುಕಿಕೊಂಡು ಬೆಳಗ್ಗೆ ಹೋಗಿ ಸಂಜೆ ಬರತೊಡಗಿದ. ಖರ್ಚು ಉಳಿಯಲಿ ಎಂದು ಹೀಟರನ್ನು ತಗ್ಗಿಸಿದ. ಹೆಪ್ಪುಗಟ್ಟುವ ಚಳಿಯಲ್ಲಿ ದೋಸೆ ಹಿಟ್ಟು ಹುಳಿ ಬಂದೀತೇ? ಮನೆಯಲ್ಲಿ ಬೆಚ್ಚಗಿದ್ದದ್ದು ಅವನ ರೇಡಿಯೋಗಳು ಮಾತ್ರ. ಎಲ್ಲಕ್ಕಿಂತ ದೊಡ್ಡದರ ನೆತ್ತಿಯ ಮೇಲೆ ಹಿಟ್ಟಿನ ಪಾತ್ರೆ ಇಟ್ಟು ಮಲಗಿದೆ. ಹಿಟ್ಟು ಉಬ್ಬಿತು. ಉಬ್ಬಿ, ಉಕ್ಕಿ, ಗಾಳಿ ಆಡಲು ಬಿಟ್ಟ ತೂತುಗಳಲ್ಲಿ ಇಳಿದು, ಢಬ್! ಮನೆಯೆಲ್ಲ ಸೀದ ದೋಸೆಯ ವಾಸನೆ.

"ಅಕ್ಕಾ, ನಲವತ್ತೈದು ವರ್ಷದ ಹಳೇ ಸೆಟ್ಟು!"

"ನಾನು ಅದಕ್ಕಿಂತ ಹಳೇ ಸೆಟ್ಟು. ನನ್ನ ತಲೆ ಮೇಲೆ ಏನು ಬಿದ್ರೂ ಯಾರು ಕೇಳ್ತಾರೆ?"

ಅವನು ನಗಲಿಲ್ಲ. ಚಮಚದಲ್ಲಿ ಹಿಟ್ಟು ಕೆರೆಯುತ್ತ ಬೆಳಗಿನ ತನಕ ಕೂತ. ನನಗೂ ನಗು ಬರಲಿಲ್ಲ.

ಮೇ ತಿಂಗಳಾದರೂ ಕೆಲಸ ಸಿಗಲಿಲ್ಲ. ಮನೆ ಬಿಡಬೇಕಾಯಿತು. ಫ್ಲೋರಲ್ ಪಾರ್ಕ್ ಎಂಬ ಊರಿನಲ್ಲಿ ಯಾರದೋ ಮನೆಯ ಕೆಳಗೆ ಒಂದು ಕೋಣೆ ಸಿಕ್ಕಿತು. ಅಲ್ಲಿ ಆಂಟೆನಾ ನಿಲ್ಲಿಸುವ ಹಾಗಿಲ್ಲ, ಇಬ್ಬರು ಮಲಗಿದರೆ ಕಾಲಿಡಲು ಜಾಗವಿಲ್ಲ. ಪೆನ್ಸಿಲ್ವೇನಿಯಾದಿಂದ ಒಬ್ಬ ಮುದುಕ ಬಂದು ನಾನು ಸುಟ್ಟಿದ್ದನ್ನೂ ಬಿಡದೆ ಬೇಸ್‌ಮೆಂಟಿನ ಅಷ್ಟನ್ನೂ ಕೊಂಡು ಟ್ರಕ್ಕಿಗೆ ಹಾಕಿಕೊಂಡ. ಅಡುಗೆಮನೆಯದಕ್ಕೆ ಮಾರನೆಯ ಮಧ್ಯಾಹ್ನ ಬರುತ್ತೇನೆ ಎಂದ.

ಆ ಸಂಜೆ ಕೊನೆಯ ಸಲ ಪೆಟ್ಟಿಗೆ ಕೂಗಿತು. ನಾನು ಅನ್ನ ಮಾಡಿದೆ. ತಮ್ಮ ಬಂದು ಕೈತೊಳೆದು ಕೂತ.

"ಕೇಳಿಸ್ತಾ ಅಕ್ಕ?"

"ಇಲ್ಲ."

ತಟ್ಟೆಯ ಮೇಲೆ ಅಂಗೈ ಹಿಡಿದ. ಅನ್ನದಿಂದ ಹಬೆ ಏಳುತ್ತಿತ್ತು.

"ಹದಿಮೂರು ತಿಂಗಳಾಯ್ತು. ನಾನು ಎಷ್ಟು ಹೊತ್ತಿಗೆ ಬಂದ್ರೂ ಅನ್ನ ಆಗ ತಾನೆ ಇಳಿಸಿರ್ತೀಯ. ಒಂದು ದಿನಾನೂ ಆರಿದ್ದು ತಿಂದಿಲ್ಲ. ಕೇಳಿಸಲ್ವಂತೆ!"

"ತಿನ್ನೋ ಸುಮ್ನೆ," ಎಂದೆ.

"ನಿಂಗೆ ಕೇಳಿಸತ್ತೆ ಅಂತಾನೇ ಕೂಗ್ತಿದ್ದೆ ಅಕ್ಕ. ನಾಳೆಯಿಂದ ಕೂಗಲ್ಲ ಬಿಡು."

ಮಾರನೆಯ ಬೆಳಗ್ಗೆ ಆ ಪೆಟ್ಟಿಗೆ ಕಟ್ಟಲು ಖಾಲಿ ಡಬ್ಬ ತರುತ್ತೇನೆಂದು ಕಾರು ತೆಗೆದುಕೊಂಡು ಹೋದ. ಎಂಟು ಗಂಟೆಗೆ ಯಾರಾದರೂ ಅನ್ನ ಮಾಡುತ್ತಾರೆಯೇ? ಕಟ್ಟಿಟ್ಟಿದ್ದ ಪಾತ್ರೆಯ ಗಂಟು ಬಿಚ್ಚಿ ಅಕ್ಕಿ ತೊಳೆದು ಒಲೆಯ ಮೇಲಿಟ್ಟೆ. ರೇಡಿಯೋದ ಸ್ವಿಚ್ಚು ಹಾಕಿ, ವಾಲ್ವ್ ಕೆಂಪಾಗುವ ತನಕ ಎದುರಿಗೇ ನಿಂತೆ. ಅದು ಗೊರಗೊರ ಎಂದಿತು, ಕೂಗಲಿಲ್ಲ. ಮೈಕು ಎತ್ತಿಕೊಂಡು ಗುಂಡಿ ಒತ್ತಿದೆ.

"ಅನ್ನಕ್ಕಿಟ್ಟಿದೀನಿ ಕಣೋ. ಬಾ," ಎಂದು, ಗುಂಡಿ ಬಿಟ್ಟೆ.